ಮೂವತ್ತು ಕಲ್ಲಿನ ಪೆಟ್ಟಿಗೆ: ಶಾಲೆಗೆ ತರಿಸಬಹುದಾ?

ಐದರಲ್ಲಿ ಮೂರೂವರೆ ಸ್ಟಾರ್. ತರಿಸಬೇಕೋ ಬೇಡವೋ ಅಂತ ಹುಡುಕುತ್ತಿರುವವರಿಗೆ ಮೊದಲು ಬೇಕಾದ್ದು ಇದೇ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಅಂಕ ಬಂದದ್ದು ಕಲ್ಲುಗಳಿಂದ. ಅಂಕ ಹೋದದ್ದು ಲೇಬಲ್ಲಿನಿಂದ, ಪುಸ್ತಿಕೆಯಿಂದ.

ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಟೀಚರ್. ಬದಿಯಡ್ಕದಿಂದ ಪೆರ್ಲದ ಕಡೆಗೆ ಬರುವಾಗ ಸಿಗುವ ಊರು. ಏಳನೇ, ಎಂಟನೇ ಕ್ಲಾಸಿನ ಮಕ್ಕಳಿಗೆ ಭೂಮಿಯ ಇತಿಹಾಸ ಹೇಳಿಕೊಡುವಾಗ ಕೈಗೆ ಕೊಡಲು ಏನಾದರೂ ಬೇಕು ಅಂತ ಪಿ.ಟಿ.ಎ. (ಹೆತ್ತವರ, ಟೀಚರುಗಳ ಸಂಘ) ಸಭೆಯಲ್ಲಿ ಕೇಳಿದೆ. ಅವರು ಒಪ್ಪಿದರು. ಕಲ್ಲು, ಖನಿಜ, ಪಳೆಯುಳಿಕೆ ಎಲ್ಲ ಸೇರಿದ ಪೆಟ್ಟಿಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ, ಒಳಗಿರುವುದು ಹೆಚ್ಚುಕಡಿಮೆ ಒಂದೇ. ನಮ್ಮದಕ್ಕೆ 2,150 ರೂಪಾಯಿ ಆಯಿತು. ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ನಮ್ಮ ಕಡೆ ಯಾವ ಸಾಮಾನಿನ ಗುಣವೂ ಮಳೆಗಾಲ ಕಳೆಯದೆ ಗೊತ್ತಾಗುವುದಿಲ್ಲ.

ಒಳಗೆ ಹದಿನಾಲ್ಕು ಕಲ್ಲು, ಹತ್ತು ಖನಿಜ, ಆರು ಪಳೆಯುಳಿಕೆ. ಜೊತೆಗೆ ಒಂದು ಮಡಚುವ ಲೆನ್ಸ್, ಒಂದು ಮ್ಯಾಗ್ನೆಟ್, ಗೀರಿ ನೋಡಲು ಬಿಳಿ ಪಿಂಗಾಣಿ ಬಿಲ್ಲೆ, ಸಣ್ಣ ಪುಸ್ತಿಕೆ, ಗೋಡೆಗೆ ಹಾಕುವ ಕಾಲಪಟ್ಟಿ. ತುಂಡುಗಳ ಗಾತ್ರ ಚೆನ್ನಾಗಿದೆ. ದೊಡ್ಡ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು. ಹಿಂದಿನ ಬೆಂಚಿಗೂ ಕಾಣುತ್ತದೆ, ಮಕ್ಕಳ ಮುಷ್ಟಿಯಲ್ಲೂ ಹಿಡಿಯುತ್ತದೆ. ಇದಕ್ಕಿಂತ ಕಮ್ಮಿ ಬೆಲೆಯ ಪೆಟ್ಟಿಗೆಗಳಲ್ಲಿ ಬರುವ ತುಂಡುಗಳು ಜಲ್ಲಿ ಚೂರಿನಷ್ಟೇ ಇರುತ್ತವೆ. ಅದನ್ನು ತರಿಸಬೇಡಿ.

ಕಲ್ಲುಗಳ ಆಯ್ಕೆ ನನಗೆ ತುಂಬ ಹಿಡಿಸಿತು. ಗ್ರಾನೈಟ್ ಮತ್ತು ಬಸಾಲ್ಟ್ ಪಕ್ಕಪಕ್ಕದಲ್ಲಿವೆ. ಎರಡೂ ಬೆಂಕಿಯಂಥ ಕರಗಿದ ಕಲ್ಲಿನಿಂದ ಹುಟ್ಟಿದವೇ. ಆದರೆ ಗ್ರಾನೈಟಿನಲ್ಲಿ ಹರಳು ಬರಿಗಣ್ಣಿಗೆ ಕಾಣುತ್ತದೆ, ಬಸಾಲ್ಟಿನಲ್ಲಿ ಕಾಣುವುದಿಲ್ಲ. ನೆಲದ ಆಳದಲ್ಲಿ ನಿಧಾನವಾಗಿ ಆರಿದರೆ ಹರಳು ಬೆಳೆಯಲು ಸಮಯ ಸಿಗುತ್ತದೆ. ಲಾವಾ ಆಗಿ ಮೇಲೆ ಹರಿದು ಬೇಗ ಆರಿದರೆ ಸಿಗುವುದಿಲ್ಲ. ಇಷ್ಟು ಹೇಳಿ ಎರಡನ್ನೂ ಕೈಗೆ ಕೊಟ್ಟರೆ ಸಾಕು, ಯಾವುದು ಆಳದ್ದು, ಯಾವುದು ಮೇಲಿನದು ಅಂತ ಮಕ್ಕಳೇ ಹೇಳುತ್ತಾರೆ. ಮರಳುಗಲ್ಲು ತೋರಿಸಿದರೆ ಒಂದು ಕಾಲದ ಹೊಳೆಯೋ ಕಡಲ ದಂಡೆಯೋ ಮರುಭೂಮಿಯೋ ಅಲ್ಲಿತ್ತು ಅಂತ ಅರ್ಥ. ಜೇಡಿಗಲ್ಲು ಅಂದರೆ ಅಲುಗಾಡದ ನೀರಿನ ತಳದ ಕೆಸರು. ಉರುಟು ಕಲ್ಲುಗಳು ಅಂಟಿಕೊಂಡ ತುಂಡು ನೋಡಿ ಒಬ್ಬ ಹುಡುಗ 'ಇದು ಪಯಸ್ವಿನಿ ಹೊಳೆಯ ಕಲ್ಲಿನ ಹಾಗೆಯೇ ಇದೆಯಲ್ಲ ಟೀಚರ್' ಅಂದ. ಭೂವಿಜ್ಞಾನಿಗಳು ಮಾಡುವುದೂ ಇದನ್ನೇ. ಇವತ್ತು ಹೊಳೆ ಏನು ಮಾಡುತ್ತಿದೆಯೋ ಅಂದೂ ಅದನ್ನೇ ಮಾಡಿರುತ್ತದೆ ಅಂತ ಹಿಡಿದು ಹಿಂದಕ್ಕೆ ಹೋಗುತ್ತಾರೆ.

ಪರೀಕ್ಷೆ ಮಾಡಲು ಕೊಟ್ಟ ಸಾಮಾನು ಉಪಯೋಗಕ್ಕೆ ಬರುತ್ತವೆ. ಹೆಮಟೈಟ್ ಎಂಬ ಕಬ್ಬಿಣದ ಅದಿರು ಎಷ್ಟೇ ಕಪ್ಪಗೆ ಕಂಡರೂ ಬಿಲ್ಲೆಯ ಮೇಲೆ ಗೀರಿದರೆ ಕೆಂಪು ಗೆರೆ ಬರುತ್ತದೆ. ಮ್ಯಾಗ್ನೆಟೈಟ್‌ಗೆ ಮ್ಯಾಗ್ನೆಟ್ ಅಂಟುತ್ತದೆ. ಬಳಪದ ಕಲ್ಲನ್ನು ಉಗುರಿನಿಂದ ಗೀರಬಹುದು, ಬೆಣಚುಕಲ್ಲು ಗಾಜನ್ನೇ ಗೀರುತ್ತದೆ. ಗಡಸುತನವನ್ನು ಒಂದರಿಂದ ಹತ್ತರವರೆಗೆ ಜೋಡಿಸಿದವರು ಜರ್ಮನಿಯ ಫ್ರೀಡ್ರಿಕ್ ಮೋಸ್, 1812ರಲ್ಲಿ. ಸುಣ್ಣಕಲ್ಲಿಗೆ ಆಸಿಡ್ ಕೊಟ್ಟಿಲ್ಲ, ಕೊಡದಿದ್ದದ್ದೇ ಒಳ್ಳೆಯದಾಯಿತು. ಸ್ವಲ್ಪ ಕೆರೆದು ಪುಡಿ ಮಾಡಿ ಅದರ ಮೇಲೆ ಲಿಂಬೆ ರಸ ಹಿಂಡಿದರೆ ನೊರೆ ಏಳುತ್ತದೆ. ಮಾರ್ಬಲ್ಲಿನ ಪುಡಿಗೂ ಹಾಗೆಯೇ ಆಗುತ್ತದೆ, ಏಕೆಂದರೆ ಅದು ಕಾದು ಒತ್ತಿ ಬದಲಾದ ಸುಣ್ಣಕಲ್ಲೇ.

ಲೆನ್ಸಿನ ಮೇಲೆ ಮೂವತ್ತು ಪಟ್ಟು ಅಂತ ಬರೆದಿದೆ. ಅಷ್ಟು ಇಲ್ಲ. ಹತ್ತು ಪಟ್ಟು ಕಾಣುವ ಹಳೇ ಲೆನ್ಸ್ ನನ್ನಲ್ಲಿದೆ, ಎರಡೂ ಒಂದೇ ಥರ ತೋರಿಸುತ್ತವೆ. ಆದರೆ ಕಲ್ಲು ನೋಡಲು ಹತ್ತು ಪಟ್ಟೇ ಬೇಕಾದ್ದು, ಹಾಗಾಗಿ ನಷ್ಟ ಇಲ್ಲ. ಹಿಡಿಯುವ ಕ್ರಮ ಮಾತ್ರ ಪುಸ್ತಿಕೆಯಲ್ಲಿ ಹೇಳಿಲ್ಲ. ಲೆನ್ಸನ್ನು ಕಣ್ಣಿನ ಹತ್ತಿರಕ್ಕೆ ತಂದು ಅಲ್ಲೇ ಇಟ್ಟು, ಕಲ್ಲನ್ನು ಲೆನ್ಸಿನ ಹತ್ತಿರಕ್ಕೆ ತರಬೇಕು. ಕಲ್ಲಿನ ಮೇಲೆ ಲೆನ್ಸ್ ಹಿಡಿದು ದೂರದಿಂದ ಬಗ್ಗಿ ನೋಡಿದರೆ ಏನೂ ಕಾಣುವುದಿಲ್ಲ.

ಇನ್ನು ಮಳೆಗಾಲದ ಕಥೆ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಈ ಪೆಟ್ಟಿಗೆ ಮಾಡಿದವರಿಗೆ ಅಂಥ ಊರಿನ ಅಂದಾಜು ಇದ್ದ ಹಾಗಿಲ್ಲ. ಆಟಿ ತಿಂಗಳು ಬರುವಷ್ಟರಲ್ಲಿ ಲೇಬಲ್ಲುಗಳು ಒಂದೊಂದಾಗಿ ಎದ್ದು ಬಂದವು. ಕಲ್ಲುಪ್ಪಿನ ತುಂಡು ಗಾಳಿಯ ತೇವ ಎಳೆದುಕೊಂಡು ನೀರೊಡೆಯಿತು, ಪಕ್ಕದ ಜಿಪ್ಸಮ್ಮಿನ ಗುಂಡಿಗೂ ಉಪ್ಪುನೀರು ಹರಿಯಿತು. ಚಿನ್ನದ ಬಣ್ಣದ ಪೈರೈಟಿನ ಮೇಲೆ ಬೂದಿಯಂಥ ಪುಡಿ ಬಂತು. ಪೈರೈಟಿನಲ್ಲಿ ಕಬ್ಬಿಣ, ಗಂಧಕ ಇರುತ್ತದೆ. ತೇವ ಇದ್ದಲ್ಲಿ ಗಾಳಿ ತಾಗಿ ಅದು ಕೆಡುತ್ತದೆ. ಮ್ಯೂಸಿಯಮ್ಮಿನವರಿಗೂ ಇದೇ ತಲೆಬಿಸಿ. ನೀವು ತರಿಸಿದರೆ ಮೊದಲ ದಿನವೇ ಇಷ್ಟು ಮಾಡಿ. ಪ್ರತಿ ಕಲ್ಲಿನ ಮೂಲೆಯಲ್ಲಿ ವೈಟ್ನರಿನ ಒಂದು ಬೊಟ್ಟು ಇಡಿ. ಒಣಗಿದ ಮೇಲೆ ಪೆನ್ನಿನಲ್ಲಿ ನಂಬರ್ ಬರೆಯಿರಿ, ಅದರ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ನಂಬರಿನ ಪಟ್ಟಿ ಬೇರೆ ಪುಸ್ತಕದಲ್ಲಿರಲಿ. ಉಪ್ಪು, ಪೈರೈಟ್ ಎರಡನ್ನೂ ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ, ಜೊತೆಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಪಳೆಯುಳಿಕೆಗಳ ವಿಷಯ ಸ್ವಲ್ಪ ಉದ್ದ ಬರೆಯಬೇಕು. ಜನ ಈ ಪೆಟ್ಟಿಗೆ ಕೊಳ್ಳುವುದೇ ಅವುಗಳ ಆಸೆಗೆ.

ಆರರಲ್ಲಿ ಶಾರ್ಕ್ ಹಲ್ಲು ನನಗೆ ಎಲ್ಲಕ್ಕಿಂತ ಇಷ್ಟ. ನಿಜವಾದದ್ದು, ಅಂಚಿನ ಹೊಳಪು ಇನ್ನೂ ಇದೆ. ಈ ಇಡೀ ಶಾಸ್ತ್ರಕ್ಕೆ ದಾರಿ ತೋರಿಸಿದ್ದರಲ್ಲಿ ಇಂಥ ಹಲ್ಲಿನ ಪಾಲೂ ಇದೆ. 1666ರಲ್ಲಿ ಇಟಲಿಯ ಕಡಲಲ್ಲಿ ಒಂದು ದೊಡ್ಡ ಶಾರ್ಕ್ ಸಿಕ್ಕಿತು. ಅದರ ತಲೆ ಕೊಯ್ದು ನೋಡಿದವರು ನಿಕೊಲಾಸ್ ಸ್ಟೆನೊ ಎಂಬ ಡೆನ್ಮಾರ್ಕಿನ ವೈದ್ಯ. ಬೆಟ್ಟದ ಕಲ್ಲುಗಳೊಳಗೆ ಸಿಗುತ್ತಿದ್ದ 'ನಾಲಗೆ ಕಲ್ಲು'ಗಳೂ ಈ ಹಲ್ಲುಗಳೂ ಒಂದೇ ಅಂತ ಅವರಿಗೆ ಕಂಡಿತು. ಹಾಗಾದರೆ ಕಡಲ ಪ್ರಾಣಿಯ ಹಲ್ಲು ಬೆಟ್ಟದ ಕಲ್ಲಿನೊಳಗೆ ಹೋದದ್ದು ಹೇಗೆ? ಆ ಕಲ್ಲು ಹಿಂದೆ ಕೆಸರಾಗಿತ್ತು, ಹಲ್ಲು ಅದರಲ್ಲಿ ಹುಗಿಯಿತು, ಆಮೇಲೆ ಕೆಸರು ಕಲ್ಲಾಯಿತು. ಈ ಯೋಚನೆಯಿಂದಲೇ 1669ರಲ್ಲಿ ಅವರು ಪದರಗಳ ನಿಯಮ ಬರೆದರು. ಪದರಗಳು ಮೊದಲು ಮಟ್ಟಸವಾಗಿ ಕೂರುತ್ತವೆ. ಕೆಳಗಿನದು ಮೊದಲು, ಮೇಲಿನದು ಆಮೇಲೆ. ಪುಸ್ತಿಕೆಯಲ್ಲಿ ಶಾರ್ಕ್ ಹಲ್ಲಿಗೆ ಎರಡೇ ಸಾಲು, ಸ್ಟೆನೊ ಹೆಸರೇ ಇಲ್ಲ. ಇದು ನನಗೆ ಬೇಜಾರಾಯಿತು.

ಟ್ರೈಲೊಬೈಟ್ ಎಂಬ ಹಳೇ ಕಾಲದ ಕಡಲ ಪ್ರಾಣಿಯ ಪಳೆಯುಳಿಕೆ ನಿಜವಾದದ್ದಲ್ಲ, ಅಚ್ಚಿನಲ್ಲಿ ಎರಕ ಹೊಯ್ದದ್ದು. ಲೆನ್ಸ್ ಹಿಡಿದರೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆಯ ತೂತು ಕಾಣುತ್ತದೆ. ಕೈಗೆ ಕಲ್ಲಿನ ತಂಪು ಬರುವುದಿಲ್ಲ. ಪಾಠಕ್ಕೆ ನಕಲು ಸಾಕು, ನನ್ನ ತಕರಾರು ಅದಲ್ಲ. ಪೆಟ್ಟಿಗೆಯ ಮೇಲೆ 'ಇದು ಮಾದರಿ' ಅಂತ ಬರೆಯಬೇಕಿತ್ತು. ಮಕ್ಕಳಿಗೆ ಮಾತ್ರ ಇದರಿಂದ ಒಳ್ಳೆಯ ಪಾಠವೇ ಆಯಿತು. ಗುಳ್ಳೆ ಹುಡುಕಿ ತೋರಿಸಿದ್ದು ನಾನಲ್ಲ, ಎಂಟನೇ ಕ್ಲಾಸಿನ ಹುಡುಗಿ. ಟ್ರೈಲೊಬೈಟ್ ಕಡಲಲ್ಲಿ ಇದ್ದದ್ದು ಸುಮಾರು 52 ಕೋಟಿ ವರ್ಷದ ಹಿಂದಿನಿಂದ 25 ಕೋಟಿ ವರ್ಷದ ಹಿಂದಿನವರೆಗೆ. ಆಮೇಲೆ ಒಂದೂ ಇಲ್ಲ. ಹಾಗಾಗಿ ಟ್ರೈಲೊಬೈಟ್ ಇರುವ ಪದರ ಎಲ್ಲಿ ಸಿಕ್ಕರೂ ಅದರ ಕಾಲದ ಒಂದು ಅಂದಾಜು ಸಿಗುತ್ತದೆ. ಪಳೆಯುಳಿಕೆಯಿಂದ ಪದರ ಗುರುತಿಸುವ ಈ ವಿದ್ಯೆಯನ್ನು ಕೆಲಸದಲ್ಲೇ ಕಲಿತವರು ಇಂಗ್ಲೆಂಡಿನ ವಿಲಿಯಂ ಸ್ಮಿತ್. ಕಾಲುವೆ ತೋಡಿಸುವ ಸರ್ವೇಯರ್. ಬೇರೆ ಬೇರೆ ಊರಿನಲ್ಲಿ ನೆಲ ಕಡಿದಾಗ ಅದೇ ಚಿಪ್ಪುಗಳು ಅದೇ ಕ್ರಮದಲ್ಲಿ ಬರುವುದನ್ನು ಕಂಡು, 1815ರಲ್ಲಿ ಇಂಗ್ಲೆಂಡ್, ವೇಲ್ಸ್‌ನ ಕಲ್ಲುಗಳ ದೊಡ್ಡ ನಕ್ಷೆ ಪ್ರಕಟಿಸಿದರು.

ಈಗ ಅಮ್ಮೊನೈಟ್. ಎರಡಾಗಿ ಸೀಳಿ ಪಾಲಿಶ್ ಮಾಡಿದ, ಕಡಲ ಪ್ರಾಣಿಯೊಂದರ ಸುರುಳಿ ಚಿಪ್ಪು, ಒಳಗಿನ ಕೋಣೆಗಳು ಚೆಂದ ಕಾಣುತ್ತವೆ. ಲೇಬಲ್ಲಿನಲ್ಲಿ 'ಅಮ್ಮೊನೈಟ್, 18 ಕೋಟಿ ವರ್ಷ' ಅಂತ ಇದೆ. ಎಲ್ಲಿಂದ ತಂದದ್ದು ಅಂತ ಇಲ್ಲ. ನನ್ನ ದೊಡ್ಡ ದೂರು ಇದೇ, ಪೆಟ್ಟಿಗೆಯ ಮೂವತ್ತು ತುಂಡಿಗೂ ಇದೇ ದೂರು. ಎಲ್ಲಿಯದು ಅಂತ ಗೊತ್ತಿಲ್ಲದ ಕಲ್ಲಿನ ಅರ್ಧ ಕಥೆ ಹೋಯಿತು. ಪೇಟೆಯಲ್ಲಿ ಹೀಗೆ ಸೀಳಿ ಮಾರುವ ಅಮ್ಮೊನೈಟುಗಳು ಹೆಚ್ಚಾಗಿ ಮಡಗಾಸ್ಕರಿನವು. ಅವುಗಳ ವಯಸ್ಸು ಸುಮಾರು 11 ಕೋಟಿ ವರ್ಷ. ಇದೂ ಅಲ್ಲಿಯದೇ ಆಗಿದ್ದರೆ ಲೇಬಲ್ಲಿನ ಲೆಕ್ಕ ಸರಿಯಾಗುವುದಿಲ್ಲ. ಮಡಗಾಸ್ಕರ್ ಅಂತ ಒಂದು ಮಾತು ಬರೆದಿದ್ದರೆ ನಮ್ಮ ಕರಾವಳಿಯ ಮಕ್ಕಳಿಗೆ ಎಷ್ಟು ಹೇಳಬಹುದಿತ್ತು! 11 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಇದ್ದದ್ದು ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡು. ಸುಮಾರು 8.8 ಕೋಟಿ ವರ್ಷದ ಹಿಂದೆ ಎರಡೂ ಬೇರ್ಪಟ್ಟವು. ಆ ಹೊತ್ತಿಗೆ ಉಕ್ಕಿದ ಲಾವಾ ಆರಿ ಕಂಬ ಕಂಬವಾಗಿ ನಿಂತದ್ದನ್ನು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಈಗಲೂ ನೋಡಬಹುದು. ಇಲ್ಲಿಂದ ಬೆಳಿಗ್ಗೆ ಹೊರಟರೆ ರಾತ್ರಿಗೆ ಮನೆಗೆ ಬರಬಹುದು, ಮಳೆಗಾಲದಲ್ಲಿ ಮಾತ್ರ ಬೋಟ್ ಇರುವುದಿಲ್ಲ. ಅಮ್ಮೊನೈಟಿಗೆ ಮಡಗಾಸ್ಕರಿನ ತನಕ ಹೋಗಬೇಕೆಂದೂ ಇಲ್ಲ. ತಮಿಳುನಾಡಿನ ಅರಿಯಲೂರಿನ ಕಡೆ ಒಣ ನೆಲದಲ್ಲಿ ಅವು ಸಿಗುತ್ತವೆ. 1860ರ ದಶಕದಲ್ಲಿಯೇ ಫರ್ಡಿನಾಂಡ್ ಸ್ಟೊಲಿಚ್ಕಾ ಎಂಬ ವಿಜ್ಞಾನಿ ಅಲ್ಲಿಯ ಚಿಪ್ಪುಗಳನ್ನು ಒಂದೊಂದಾಗಿ ವಿವರಿಸಿ ಬರೆದಿಟ್ಟರು. ಈಗ ಒಳನಾಡಾಗಿರುವ ಆ ಜಾಗದಲ್ಲಿ ಆಗ ಕಡಲಿತ್ತು.

ಸ್ಥಳ ಗೊತ್ತಿದ್ದರೆ ಕಲ್ಲು ಎಷ್ಟು ಮಾತಾಡುತ್ತದೆ ಅನ್ನುವುದಕ್ಕೆ ಕಲ್ಲಿದ್ದಲನ್ನೇ ನೋಡಿ. ಪೆಟ್ಟಿಗೆಯಲ್ಲಿ ಒಂದು ತುಂಡು ಇದೆ, ಬರೀ ಕಪ್ಪು, ಎಲೆಯ ಗುರುತಿಲ್ಲ. ಭಾರತದ ಹೆಚ್ಚಿನ ಕಲ್ಲಿದ್ದಲಿನ ಜೊತೆ ಗ್ಲಾಸೊಪ್ಟೆರಿಸ್ ಎಂಬ ಗಿಡದ ಎಲೆಯ ಅಚ್ಚು ಸಿಗುತ್ತದೆ. ಅದೇ ಎಲೆ ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾದಲ್ಲೂ ಇದೆ. ಅಷ್ಟು ಕಡಲು ದಾಟಿ ಗಿಡ ಹೋಗಲಾರದು. ನೆಲಗಳೇ ಒಟ್ಟಿಗಿದ್ದವು. ಒಡಿಶಾದ ತಾಲ್ಚೇರಿನಲ್ಲಿ ಕಲ್ಲಿದ್ದಲಿನ ಪದರಗಳ ಕೆಳಗೆ, ಹಿಮನದಿ ತಂದು ಹಾಕಿದ ಬಂಡೆಗಳಿವೆ. ಈಗ ಅಷ್ಟು ಸೆಕೆಯ ಊರು, ಸುಮಾರು 30 ಕೋಟಿ ವರ್ಷದ ಹಿಂದೆ ಮಂಜುಗಡ್ಡೆಯ ನಾಡು! ಒಂದು ಎಲೆಯಚ್ಚಿನ ಕಲ್ಲಿದ್ದಲು ಕೊಟ್ಟಿದ್ದರೆ ನಾನು ಇನ್ನೂರು ರೂಪಾಯಿ ಜಾಸ್ತಿ ಕೊಡುತ್ತಿದ್ದೆ.

ಪುಸ್ತಿಕೆಯಲ್ಲಿ ತಿದ್ದಲೇಬೇಕಾದ ಒಂದು ಮಾತಿದೆ. ಕಲ್ಲಿನ, ಡೈನೋಸಾರಿನ ವಯಸ್ಸನ್ನು ಕಾರ್ಬನ್‌ನಿಂದ ಅಳೆಯುತ್ತಾರೆ ಅಂತ ಬರೆದಿದ್ದಾರೆ. ಅದು ಆಗದ ಕೆಲಸ. ಕಾರ್ಬನ್ 14 ಎಂಬುದು 5,730 ವರ್ಷಕ್ಕೆ ಅರ್ಧ ಆಗುತ್ತದೆ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಡೈನೋಸಾರುಗಳು ಹೋದದ್ದು 6.6 ಕೋಟಿ ವರ್ಷದ ಹಿಂದೆ. ಅಷ್ಟು ಹಳೆಯದಕ್ಕೆ ನಿಧಾನವಾಗಿ ನಡೆಯುವ ಗಡಿಯಾರ ಬೇಕು. ಯುರೇನಿಯಂ 238 ಅರ್ಧ ಆಗಲು 447 ಕೋಟಿ ವರ್ಷ ಹಿಡಿಯುತ್ತದೆ, ಕೊನೆಗೆ ಸೀಸವಾಗುತ್ತದೆ. ಜಿರ್ಕಾನ್ ಎಂಬ ಪುಟ್ಟ ಹರಳು ಹುಟ್ಟುವಾಗ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಹಾಗಾಗಿ ಆಮೇಲೆ ಒಳಗೆ ಸಿಗುವ ಸೀಸವೆಲ್ಲ ಕಾಲ ಕಳೆದದ್ದರ ಲೆಕ್ಕ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಜಿರ್ಕಾನ್ ಹರಳುಗಳಲ್ಲಿ ಅತಿ ಹಳೆಯದಕ್ಕೆ 440 ಕೋಟಿ ವರ್ಷ. 1956ರಲ್ಲಿ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸ ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ಅಂತ ಹೇಳಿದರು. ಇವತ್ತಿನ ಲೆಕ್ಕ 454 ಕೋಟಿ. ಈ ಪುಟದ ಮೇಲೆ ನಾನು ಕಾಗದ ಅಂಟಿಸಿ ಸರಿಯಾದದ್ದು ಬರೆದಿಟ್ಟಿದ್ದೇನೆ. ತರಿಸುವವರು ನೀವೂ ಹಾಗೆ ಮಾಡಿ, ಮಕ್ಕಳು ಅಚ್ಚಾದದ್ದನ್ನು ಬೇಗ ನಂಬುತ್ತಾರೆ.

ಇನ್ನೊಂದು ಸಾಲು ತಪ್ಪಲ್ಲ, ಆದರೆ ನಮ್ಮ ಊರಿನಲ್ಲಿ ಹಾಗೇ ಬಳಸಿದರೆ ದಾರಿ ತಪ್ಪಿಸುತ್ತದೆ. 'ಕೆಳಗಿನ ಪದರ ಯಾವಾಗಲೂ ಹಳೆಯದು' ಎಂಬ ಸಾಲು.

ನಮ್ಮಲ್ಲಿ ಒಬ್ಬ ಹುಡುಗನ ಅಪ್ಪ ಮುರಕಲ್ಲಿನ ಪಣೆಯಲ್ಲಿ, ಅಂದರೆ ಮನೆ ಕಟ್ಟುವ ಕೆಂಪು ಕಲ್ಲು ಕಡಿಯುವ ಕ್ವಾರಿಯಲ್ಲಿ, ಕೆಲಸ ಮಾಡುತ್ತಾರೆ. ಮಗನನ್ನು ಕರೆದುಕೊಂಡು ಹೋಗಲು ಬಂದಾಗ ಪೆಟ್ಟಿಗೆ ಮೇಜಿನ ಮೇಲಿತ್ತು. ಒಂದೊಂದೇ ಎತ್ತಿ ನೋಡಿದರು. 'ಟೀಚರೇ, ಇದರಲ್ಲಿ ನಮ್ಮ ಮುರಕಲ್ಲೇ ಇಲ್ಲವಲ್ಲ' ಅಂದರು. ನಿಜ, ಇಲ್ಲ. ನಮ್ಮ ಮನೆ, ಶಾಲೆ, ಬೇಕಲ ಕೋಟೆ ಎಲ್ಲ ಕಟ್ಟಿದ ಕಲ್ಲು ಇದು. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ತಮ್ಮ ಪುಸ್ತಕದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರು ಕೊಟ್ಟದ್ದೂ ನಮ್ಮ ಕೇರಳದ್ದೇ ಆದ ಅಂಗಾಡಿಪುರದ ಕಲ್ಲು ನೋಡಿ. ಜಗತ್ತಿನ ಎಲ್ಲ ಭೂವಿಜ್ಞಾನ ಪುಸ್ತಕದಲ್ಲೂ ಇರುವ ಕಲ್ಲು ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಹೇಗೆ?

ಅವರೇ ಒಂದು ಶನಿವಾರ ಮಕ್ಕಳನ್ನು ಕೆಲಸ ನಿಂತ ಪಣೆಯೊಂದಕ್ಕೆ ಕರೆದುಕೊಂಡು ಹೋದರು. ಮಳೆ ನಿಂತು ಮಣ್ಣು ಗಟ್ಟಿಯಾದ ಮೇಲೆ ಹೋದೆವು, ಗೋಡೆಯಿಂದ ದೂರ ನಿಂತೇ ನೋಡಿದೆವು. ಹೈವೇ 66 ಅಗಲ ಮಾಡಲು ಗುಡ್ಡೆ ಕಡಿದ ಜಾಗಗಳಲ್ಲೂ ಇದೇ ನೋಟ ಇದೆ, ಆದರೆ ಅಲ್ಲಿ ಮಕ್ಕಳನ್ನು ಇಳಿಸಬೇಡಿ. ಪಣೆಯ ಗೋಡೆಯಲ್ಲಿ ಮೇಲೆ ಗಟ್ಟಿ ಮುರಕಲ್ಲು. ಅದರ ಕೆಳಗೆ ಮೆದು ಮುರಕಲ್ಲು. ಇನ್ನೂ ಕೆಳಗೆ ಬಿಳಿ, ಗುಲಾಬಿ ಬಣ್ಣದ ಶೇಡಿ ಮಣ್ಣು. ತಳದಲ್ಲಿ ಒಂದು ಕಡೆ ಕರಿಕಲ್ಲಿನ ಬೆನ್ನು ಕಾಣುತ್ತಿತ್ತು. ಮಕ್ಕಳು ಪುಸ್ತಿಕೆಯ ನಿಯಮ ಹಾಕಿದರು. ಮೊದಲು ಕರಿಕಲ್ಲು, ಅದರ ಮೇಲೆ ಶೇಡಿ ಬಂದು ಬಿತ್ತು, ಆಮೇಲೆ ಮುರಕಲ್ಲು ಬಂದು ಬಿತ್ತು ಅಂದರು. ನಾನು ಗೋಡೆಯಲ್ಲಿ ಓಡುವ ಬಿಳೀ ಗೆರೆ ತೋರಿಸಿದೆ. ಬೆಣಚುಕಲ್ಲಿನ ನರ. ಕರಿಕಲ್ಲಿನಲ್ಲಿ ಶುರುವಾಗಿ ಶೇಡಿಯ ನಡುವೆ ಹತ್ತಿ ಮುರಕಲ್ಲಿನೊಳಗೂ ಹೋಗಿತ್ತು, ಎಲ್ಲೂ ಕಡಿದಿರಲಿಲ್ಲ. ಶೇಡಿ, ಮುರಕಲ್ಲು ಎರಡೂ ಎಲ್ಲಿಂದಲೋ ಬಂದು ಬಿದ್ದದ್ದಾಗಿದ್ದರೆ ಈ ನರ ಕರಿಕಲ್ಲಿನ ತಲೆಯಲ್ಲೇ ನಿಲ್ಲಬೇಕಿತ್ತು, ಅಲ್ವಾ? ನಿಲ್ಲಲಿಲ್ಲ ಅಂದರೆ ಮೂರೂ ಒಂದೇ ಬಂಡೆ. ಮಳೆನೀರು ಇಳಿದು ಇಳಿದು ಕರಗುವುದನ್ನೆಲ್ಲ ಒಯ್ದಿತು, ಕಬ್ಬಿಣ ಮತ್ತು ಅಲ್ಯುಮಿನಿಯಂ ಹಿಂದೆ ಉಳಿದವು. ಬೆಣಚುಕಲ್ಲು ಸುಲಭಕ್ಕೆ ಕರಗುವುದಿಲ್ಲ, ಅದಕ್ಕೇ ಇದ್ದಲ್ಲೇ ಉಳಿಯಿತು. ಅಲ್ಯುಮಿನಿಯಂ ತುಂಬ ಉಳಿದಲ್ಲಿ ಅದು ಬಾಕ್ಸೈಟ್ ಆಗುತ್ತದೆ, ನೀಲೇಶ್ವರದ ಕಡೆ ಇರುವ ಹಾಗೆ.

ಹಾಗಾಗಿ ಇಲ್ಲಿ ಸ್ಟೆನೊ ನಿಯಮ ಹೊಂದುವುದಿಲ್ಲ, ಅದು ನೀರಿನಲ್ಲಿ ಕೂತ ಪದರಗಳಿಗೆ ಮಾಡಿದ ನಿಯಮ. ಇಲ್ಲಿ ಹೊಂದುವುದು ಇನ್ನೊಂದು ನಿಯಮ, ಸೀಳಿಕೊಂಡು ಹೋದದ್ದು ಸೀಳಿಸಿಕೊಂಡದ್ದಕ್ಕಿಂತ ಚಿಕ್ಕದು ಅನ್ನುವುದು. ಮೊದಲು ಬಂಡೆ, ಆಮೇಲೆ ಅದರ ಬಿರುಕಿನಲ್ಲಿ ಬೆಣಚು ತುಂಬಿತು, ಎಷ್ಟೋ ಕಾಲದ ನಂತರ ಮೇಲಿನಿಂದ ಕೆಳಗೆ ಬಂಡೆ ಕೊಳೆಯುತ್ತಾ ಬಂತು. ಮೂರು ಘಟನೆ, ಅವುಗಳ ಕ್ರಮ, ಎಲ್ಲ ಒಂದು ಪಣೆಯ ಗೋಡೆಯಲ್ಲಿ. ಪೆಟ್ಟಿಗೆಯ ಯಾವ ಗುಂಡಿಯಲ್ಲೂ ಇದು ಸಿಗಲಾರದು. ಒಂದು ಕಲ್ಲಿಗೆ ಪಕ್ಕದ ಕಲ್ಲಿನ ಜೊತೆ ಇರುವ ಸಂಬಂಧವನ್ನು ಪ್ಯಾಕ್ ಮಾಡಿ ಕಳಿಸಲು ಆಗುವುದಿಲ್ಲ.

ಮಕ್ಕಳ ಜೊತೆ ಬಂದಿದ್ದ ಸುರಂಗ ತೋಡುವ ಅಜ್ಜ ಒಬ್ಬರು ಇದನ್ನೇ ಬೇರೆ ಕಡೆಯಿಂದ ಹೇಳಿದರು. ನಮ್ಮ ಕಡೆ ಗುಡ್ಡೆಗೆ ಅಡ್ಡ ಸುರಂಗ ಕೊರೆದು ನೀರು ತರುತ್ತಾರೆ, ಎಷ್ಟೋ ತೋಟಗಳು ಅದರ ನೀರಿನಲ್ಲೇ ಬದುಕಿವೆ. 'ಮುರದಲ್ಲಿ ನೀರು ನಿಲ್ಲುವುದಿಲ್ಲ ಮಗಾ, ಇಳಿದು ಹೋಗುತ್ತದೆ. ಶೇಡಿ ಸಿಕ್ಕಿದ ಮೇಲೆ ಅದಕ್ಕೆ ಇಳಿಯಲು ಆಗುವುದಿಲ್ಲ. ಅಲ್ಲಿ ಒಸರು ಇರುತ್ತದೆ' ಅಂದರು. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಜಿಗುಟು ಮಣ್ಣಿನ ತಲೆಯ ಮೇಲೆ ಅಡ್ಡ ಹರಿಯುತ್ತದೆ. ಕಲ್ಲಿನ ಕ್ರಮ ಓದಲು ಬಾರದಿದ್ದರೆ ಸುರಂಗ ತೋಡಲು ಆಗುವುದಿಲ್ಲ. ಆ ಅಜ್ಜನಿಗಿಂತ ಒಳ್ಳೆಯ ಭೂವಿಜ್ಞಾನದ ಮೇಷ್ಟ್ರು ನಮ್ಮ ಮಕ್ಕಳಿಗೆ ಆ ದಿನ ಬೇರೆ ಯಾರೂ ಇರಲಿಲ್ಲ.

ಪಣೆಯಲ್ಲಿ ಎಲ್ಲರೂ ಪಳೆಯುಳಿಕೆ ಹುಡುಕಿದರು. ಸಿಗಲಿಲ್ಲ, ಸಿಗುವುದೂ ಇಲ್ಲ. ತಳದ ಬಂಡೆ ಚಿಪ್ಪು, ಎಲುಬು ಇರುವ ಪ್ರಾಣಿಗಳು ಹುಟ್ಟುವುದಕ್ಕಿಂತ ಹಿಂದಿನದು. ಮೇಲಾಗಿ ಆಳದಲ್ಲಿ ಕಾದು ಒತ್ತಿ ಬದಲಾದದ್ದು. ಮಕ್ಕಳಿಗೆ ಬೇಸರವಾಗಬಾರದು ಅಂತ ಹೊಳೆಬಾಯಿಯ ಕೆಸರಿನಲ್ಲಿ ಹುಗಿದ ಮರುವಾಯಿ ಚಿಪ್ಪುಗಳ ಮಾತು ತೆಗೆದೆ. ಪಳೆಯುಳಿಕೆ ಶುರುವಾಗುವುದೇ ಹಾಗೆ, ಬೇಗ ಮುಚ್ಚಿಹೋಗಬೇಕು, ಗಾಳಿ ತಾಗಬಾರದು.

ಕಪ್ಪು ಬಂಡೆಯ ಬಗ್ಗೆಯೂ ಪೆಟ್ಟಿಗೆಯಲ್ಲಿ ಏನೂ ಇಲ್ಲ. ಕಾಸರಗೋಡಿನ ಮುರಕಲ್ಲಿನ ಅಡಿಯಲ್ಲಿ ತುಂಬ ಕಡೆ ಇರುವುದು ಚಾರ್ನೊಕೈಟ್ ಮತ್ತು ನೈಸ್ ಎಂಬ ಬಂಡೆಗಳು. ಚಾರ್ನೊಕೈಟಿಗೆ ಆ ಹೆಸರು ಕೊಟ್ಟವರು ಭೂವಿಜ್ಞಾನಿ ಥಾಮಸ್ ಹಾಲೆಂಡ್, 1893ರಲ್ಲಿ. ಕೋಲ್ಕತ್ತಾದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನೊಕ್ ಅವರ ಗೋರಿಯ ಕಲ್ಲು ಚೆನ್ನೈ ಕಡೆಯ ಬೆಟ್ಟದ ಕಲ್ಲಿನ ಜಾತಿಯದೇ ಅಂತ ಅವರು ಗುರುತಿಸಿದರು. ಊರು ಬಿಟ್ಟು ಹೋದ ಕಲ್ಲಿನ ಊರು ಹುಡುಕುವುದೂ ಈ ಶಾಸ್ತ್ರದ ಕೆಲಸವೇ.

ಕಾಲಪಟ್ಟಿಯನ್ನು ಗೋಡೆಗೆ ಹಾಕಿದ್ದೇವೆ, ಬಣ್ಣ ಚೆನ್ನಾಗಿದೆ. ಅಳತೆ ಸರಿಯಿಲ್ಲ. ಪ್ರಾಣಿಗಳ ಕಾಲಕ್ಕೆ ಮುಕ್ಕಾಲು ಜಾಗ ಕೊಟ್ಟು ಉಳಿದ ಇಡೀ ಇತಿಹಾಸವನ್ನು ತಳದ ಒಂದು ಪಟ್ಟೆಗೆ ತುರುಕಿದ್ದಾರೆ. ನಿಜದಲ್ಲಿ ಭೂಮಿಯ ಕಾಲದ ನೂರಕ್ಕೆ 88 ಪಾಲು ಆ ಪಟ್ಟೆಯೇ. ನಾವು ಮೈದಾನದಲ್ಲಿ 45.4 ಮೀಟರ್ ಹಗ್ಗ ಎಳೆದೆವು, ಒಂದು ಮೀಟರಿಗೆ ಹತ್ತು ಕೋಟಿ ವರ್ಷ. ಟ್ರೈಲೊಬೈಟ್ ಹಿಡಿದ ಹುಡುಗಿ ಕೊನೆಯಿಂದ ಐದು ಮೀಟರ್ ಚಿಲ್ಲರೆ ದೂರದಲ್ಲಿ ನಿಂತಳು. ಡೈನೋಸಾರ್ ಮುಗಿದದ್ದು ಕೊನೆಗೆ 66 ಸೆಂಟಿಮೀಟರ್ ಇರುವಾಗ. ನಮ್ಮ ಮನುಷ್ಯ ಜಾತಿಯ ಮೂರು ಲಕ್ಷ ವರ್ಷಕ್ಕೆ ಸಿಕ್ಕಿದ್ದು ಮೂರು ಮಿಲಿಮೀಟರ್. ಬೆಂಗಳೂರು ಲಾಲ್‌ಬಾಗಿನ ಬಂಡೆ, ಸುಮಾರು 300 ಕೋಟಿ ವರ್ಷದ್ದು, ಹಗ್ಗದ ಮೊದಲ ಅರ್ಧದಲ್ಲೇ ಬಂತು.

ಈ ಹಗ್ಗದಲ್ಲಿ ಎಲ್ಲ ಕಾಲಕ್ಕೂ ಕಲ್ಲು ಸಿಗುತ್ತದೆ ಅಂತಲೂ ಇಲ್ಲ. ತಿರುಪತಿಯಿಂದ ತಿರುಮಲೆಗೆ ಹತ್ತುವ ಘಾಟಿಯಲ್ಲಿ ಹಳೇ ಗ್ರಾನೈಟಿನ ಮೇಲೆ ನೇರ ಕ್ವಾರ್ಟ್‌ಜೈಟಿನ (ಮರಳುಗಲ್ಲು ಬದಲಾಗಿ ಗಟ್ಟಿಯಾದ ಕಲ್ಲು) ಪದರ ಕೂತಿದೆ. ಎರಡರ ನಡುವಿನ ಸುಮಾರು 80 ಕೋಟಿ ವರ್ಷದ ಕಲ್ಲು ಅಲ್ಲಿಲ್ಲ, ಒಂದೋ ಸವೆದು ಹೋಯಿತು ಅಥವಾ ಬಂದು ಕೂರಲೇ ಇಲ್ಲ. 1788ರಲ್ಲಿ ಜೇಮ್ಸ್ ಹಟನ್ ಎಂಬ ಭೂವಿಜ್ಞಾನಿ ಸ್ಕಾಟ್ಲೆಂಡಿನ ಸಿಕಾರ್ ಪಾಯಿಂಟ್ ಎಂಬ ಕಡಲ ದಂಡೆಯಲ್ಲಿ ಇಂಥದೇ ಜೋಡಣೆ ಕಂಡರು. ಕೆಳಗೆ ನೆಟ್ಟಗೆ ನಿಂತ ಪದರ, ಅದರ ಮೇಲೆ ಸ್ವಲ್ಪ ಓರೆಯಾಗಿ ಮಲಗಿದ ಕೆಂಪು ಮರಳುಗಲ್ಲು. ಭೂಮಿಗೆ ಎಷ್ಟು ದೀರ್ಘ ಕಾಲ ಸಿಕ್ಕಿರಬೇಕು ಅನ್ನುವುದು ಅದರಿಂದ ಗಟ್ಟಿಯಾಯಿತು. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ತಿರುಪತಿಗೆ ಹೋಗಿ ಬಂದವರು. ಮುಂದಿನ ಸಲ ಬಸ್ಸಿನ ಕಿಟಕಿಯಿಂದ ನೋಡಲು ಹೇಳಿದ್ದೇನೆ.

ಕೊಳ್ಳುವವರಿಗೆ ಉಳಿದ ಮಾತು ಇಷ್ಟು. ಆರ್ಡರ್ ಮಾಡುವ ಮೊದಲು ಮಾರುವವರಿಗೆ ಮೆಸೇಜ್ ಹಾಕಿ, ಪ್ರತಿ ತುಂಡು ಎಲ್ಲಿಂದ ತಂದದ್ದು ಅಂತ ಪಟ್ಟಿ ಕೇಳಿ. ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ, ಬಂದರೆ ಅರ್ಧ ಸ್ಟಾರ್ ಜಾಸ್ತಿ ಮಾಡುತ್ತೇನೆ. ಪಳೆಯುಳಿಕೆಗಳಲ್ಲಿ ಯಾವುದು ನಿಜ, ಯಾವುದು ಎರಕ ಅಂತಲೂ ಕೇಳಿ. ಕ್ಲಾಸಿನಲ್ಲಿ ಇಪ್ಪತ್ತೈದು ಮಕ್ಕಳಿದ್ದರೆ ಒಂದು ಲೆನ್ಸ್ ಸಾಲುವುದಿಲ್ಲ, ಹತ್ತು ಪಟ್ಟಿನ ನಾಲ್ಕು ಲೆನ್ಸ್ ಬೇರೆ ತೆಗೆದುಕೊಳ್ಳಿ. ಐದನೇ ಕ್ಲಾಸಿಗಿಂತ ಚಿಕ್ಕವರಿಗೆ ಬೇಡ, ಆಬ್ಸಿಡಿಯನ್ ಎಂಬ ಚೂಪು ಅಂಚಿನ ಗಾಜಿನಂಥ ಕಲ್ಲು ಇದೆ. ಮನೆಯಲ್ಲಿ ಒಂದೇ ಮಗುವಿಗೆ ಉಡುಗೊರೆ ಕೊಡಲು ಯೋಚಿಸುತ್ತಿದ್ದರೆ ಇಡೀ ಪೆಟ್ಟಿಗೆ ಬೇಕಾಗಿಲ್ಲ, ಒಳ್ಳೆಯ ಲೆನ್ಸ್ ಒಂದು, ನೋಟ್‌ಬುಕ್ ಒಂದು ಸಾಕು. ಹೆಕ್ಕಿದ ಪ್ರತಿ ಕಲ್ಲಿಗೂ ತಾರೀಖು, ಜಾಗ, ಅದರ ಮೇಲೆ ಏನಿತ್ತು, ಕೆಳಗೆ ಏನಿತ್ತು ಅಂತ ಬರೆಯುವ ಅಭ್ಯಾಸ ಮಾಡಿಸಿ.